ಮುನ್ನಿಬೀ ತಟ್ಟಿದ ಬಾಗಿಲುಗಳು

ಪಾಮನಕಲ್ಲೂರಿನ ಹೆಂಗಸರ ಮುಂಗೈಯ ಅಳತೆ ಅವರ ಹೆತ್ತವ್ವಂದಿರಿಗಿಂತ ಮುನ್ನಿಬೀಗೆ ಚೆನ್ನಾಗಿ ಗೊತ್ತಿತ್ತು. ಅವಳ ತವರು ಮುಕ್ಕುಂದ. ಮೊಣಕಾಲು ಕೆಸರಿನಲ್ಲಿ ನಿಂತು ಭತ್ತದ ಸಸಿ ಹಚ್ಚುತ್ತ ಬೆಳೆದವಳು ಮದುವೆಯಾಗಿ ಈ ಒಣಬೇಸಾಯದ ಊರಿಗೆ ಬಂದಾಗ, ಮೊದಲ ವರ್ಷವೆಲ್ಲ ಕನಸಿನಲ್ಲಿ ನೀರೇ ಕಾಣುತ್ತಿತ್ತಂತೆ. ಗಂಡ ಮಹಮ್ಮದಸಾಬ ಬಳೆಗಾರ. ಸೈಕಲ್ಲಿನ ಹಿಂದೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಅವನು ಮುಂದೆ, ಸೆರಗು ಬಿಗಿದುಕೊಂಡು ಇವಳು ಹಿಂದೆ. ಓಣಿ ಓಣಿ ತಿರುಗಿ, ಕಟ್ಟೆಯ ಮೇಲೆ ಕುಳಿತು, ಒಬ್ಬೊಬ್ಬರ ಕೈಯನ್ನೂ ಹಿಟ್ಟಿನ ಹಾಗೆ ನಾದಿ ನಾದಿ ಬಳೆ ಏರಿಸುತ್ತಿದ್ದಳು. ಕೈ ಅವಳ ಕೈಯಲ್ಲಿ ಇರುವಷ್ಟು ಹೊತ್ತು ಹೆಂಗಸರು ಗಂಡನಿಗೂ ಹೇಳದ್ದನ್ನು ಅವಳಿಗೆ ಹೇಳುತ್ತಿದ್ದರು.

ಒಮ್ಮೆ ಶಿವಲಿಂಗಮ್ಮ ಎಂಬ ಏಳು ತಿಂಗಳ ಬಸುರಿ, ಪಂಚಮಿಗೆ ತೊಟ್ಟ ಬಳೆ ಬಿಗಿಯಾಗಿವೆ, ಒಡೆದು ಬೇರೆ ಹಾಕು ಎಂದು ಕರೆದಳು. ಮುನ್ನಿಬೀ ಆ ಕೈ ಹಿಡಿದವಳು ಹಾಗೇ ಕುಳಿತುಬಿಟ್ಟಳು. ಮುಕ್ಕುಂದದಲ್ಲಿ ಅವಳ ಅಕ್ಕ ನಾಹಿದಾಳ ಕೈಯೂ ಹೀಗೇ ಬಾತಿತ್ತು. ಹೆರಿಗೆಯ ಹೊತ್ತಿಗೆ ಫಿಟ್ಸ್ ಬಂದು ಅಕ್ಕ ಹೋಗಿಬಿಟ್ಟಿದ್ದಳು. ಮುನ್ನಿಬೀ ಬಳೆ ಒಡೆಯಲಿಲ್ಲ. ಶಿವಲಿಂಗಮ್ಮನ ಅತ್ತೆಯೊಂದಿಗೆ ಜಗಳಾಡಿ, ಅವಳನ್ನು ಬಸ್ಸು ಹತ್ತಿಸಿ ಲಿಂಗಸುಗೂರಿನ ಆಸ್ಪತ್ರೆಗೆ ಕರೆದೊಯ್ದಳು. ಬಿಪಿ ಏರಿತ್ತು. ಇನ್ನೊಂದು ವಾರ ತಡೆದಿದ್ದರೆ ತಾಯಿ, ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮುಂದೆ ಊರಿಗೊಬ್ಬ ಆಶಾ ಕಾರ್ಯಕರ್ತೆ ಬೇಕೆಂದಾಗ, ಎಂಟನೇ ಇಯತ್ತೆ ಓದಿದ್ದ ಮುನ್ನಿಬೀಯ ಹೆಸರನ್ನು ಶಿವಲಿಂಗಮ್ಮನ ಅತ್ತೆಯೇ ಹೇಳಿದಳು. ಬಳೆಯ ಪೆಟ್ಟಿಗೆ ಹೋಗಿ ಹೆಗಲಿಗೆ ಔಷಧದ ಚೀಲ ಬಂತು. ಓಣಿಗಳು ಅವೇ, ಕಟ್ಟೆಗಳು ಅವೇ.

ಹತ್ತು ಹನ್ನೊಂದು ವರ್ಷ ಹೀಗೇ ನಡೆಯಿತು. ಆಮೇಲೆ ಕೊರೊನಾದ ವರ್ಷ ಬಂತು.

ಮನೆಮನೆಗೆ ಹೋಗಿ ಜ್ವರ, ಕೆಮ್ಮು ಕೇಳಿ ಬರೆದುಕೊಳ್ಳಬೇಕಿತ್ತು. ಮೊದಮೊದಲು ಜನ ನಗುತ್ತಲೇ ಹೇಳಿದರು. ಅಷ್ಟರಲ್ಲಿ ಊರಿನವರ ಮೊಬೈಲುಗಳಿಗೆ ಏನೇನೋ ವಿಡಿಯೊ ಬರತೊಡಗಿದವು. ಈ ರೋಗ ಹಂಚುತ್ತಿರುವವರು ಸಾಬರು ಎಂಬ ಮಾತು ಹೊಟೇಲಿನ ಬೆಂಚಿನಿಂದೆದ್ದು ಓಣಿಗಳಿಗೆ ಹರಿಯಿತು. ಮುನ್ನಿಬೀಯ ಕಿವಿಗೂ ಬಿತ್ತು. ಎಲ್ಲೋ ಇರುವವರ ಮಾತು ಎಂದು ಬಿಟ್ಟಳು.

ಒಂದು ಬೆಳಿಗ್ಗೆ ಪಕೀರಮ್ಮನ ಬಾಗಿಲು ತಟ್ಟಿದಳು. ಇಪ್ಪತ್ತೈದು ವರ್ಷಗಳ ಗೆಳೆತನ. ಒಂದೇ ಬುಟ್ಟಿಯ ರೊಟ್ಟಿ ಹರಿದು ತಿಂದವರು. ಬಾಗಿಲು ತೆರೆಯಲಿಲ್ಲ.

“ಯಾರು?”

“ನಾನಬೇ, ಮುನ್ನಿಬೀ.”

ಒಳಗೆ ಗುಸುಗುಸು ಕೇಳಿಸಿತು. ಆಮೇಲೆ ಪಕೀರಮ್ಮನ ದನಿ ಬಂತು. “ಈಗ ಬರಬ್ಯಾಡವ್ವ. ನಮ್ಮನ್ಯಾಗ ಎಲ್ಲಾರೂ ಆರಾಮ ಅದಾರ. ಹಂಗ ಬರಕೊಂಡು ಹೋಗು.”

ಮುನ್ನಿಬೀ ಹಾಗೆಯೇ ಬರೆದುಕೊಂಡಳು. ಉಳಿದ ಮನೆಗಳನ್ನೂ ಮುಗಿಸಿದಳು. ಮನೆಗೆ ಬಂದು ಚೀಲ ಗೂಟಕ್ಕೆ ಹಾಕಿದ ಮೇಲೆ ಅಳು ತಡೆಯಲಾಗಲಿಲ್ಲ.

“ಕಾಯ್ಕು ರೋತೀ?” ಯಾಕೆ ಅಳುತ್ತೀ ಎಂದು ಮಹಮ್ಮದಸಾಬ ದಖನಿಯಲ್ಲಿ ಕೇಳಿದ. ಎಲ್ಲವನ್ನೂ ಕೇಳಿಸಿಕೊಂಡು, ಬೀಡಿ ಹೊಸಕಿ, ಎಂದಿನಂತೆ ಕನ್ನಡಕ್ಕೆ ಹೊರಳಿದ. “ಬಳಿ ಮಾರೋವಾಗ ಎಷ್ಟ ಮಂದಿ ಬಾಗಲಾ ಹಾಕ್ಯಾರ, ನೆನಪೈತೇನು? ಮುಂದಿನ ಮನಿಗೆ ಹೋಗ್ತಿದ್ವಿ. ಮರುವಾರ ಮತ್ತ ಅದ ಬಾಗಲಾ ಬಡಿತಿದ್ವಿ. ಅವರೇನು ನಮ್ಮ ವೈರಿಗಳಾ? ಅಂಜ್ಯಾರ ಅಷ್ಟ.”

ಮರುದಿನ ಮುನ್ನಿಬೀ ಮತ್ತೆ ಹೋದಳು. ಬಾಗಿಲಿಂದ ಹತ್ತು ಮಾರು ದೂರ ನಿಂತು ಕೂಗಿ ಕೇಳಿದಳು. ಒಳಗಿನಿಂದಲೇ ಉತ್ತರ ಬಂತು. ಏಪ್ರಿಲ್ ಪೂರ್ತಿ ಹೀಗೇ ನಡೆಯಿತು.

ಮೇ ತಿಂಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿದ್ದವರು ತಿರುಗಿ ಬಂದರು. ಉಳ್ಳಾಗಡ್ಡಿ ಲಾರಿಯಲ್ಲಿ ಸಿಂಧನೂರಿನವರೆಗೆ ಬಂದು, ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಊರು ಮುಟ್ಟಿದ ಹದಿನಾಲ್ಕು ಮಂದಿ. ಅವರನ್ನು ಹದಿನಾಲ್ಕು ದಿನ ಶಾಲೆಯಲ್ಲಿ ಇರಿಸಿದರು. ಊರ ಬಾಗಿಲಲ್ಲಿ ಟ್ರ್ಯಾಕ್ಟರ್ ನಿಂತಾಗ ಆಡುವ ಮಕ್ಕಳನ್ನು ಅವ್ವಂದಿರು ಎಳೆದೊಯ್ದು ಕದ ಹಾಕಿಕೊಂಡಿದ್ದರು. ಬಂದವರಲ್ಲಿ ಪಕೀರಮ್ಮನ ಮಗ ತಾಯಪ್ಪನೂ ಇದ್ದ. ಅವನು ಗೌಂಡಿ. ಎಂಟು ಅಂತಸ್ತಿನ ಕಟ್ಟಡದ ತುದಿಯಲ್ಲಿ ನಿಂತು ಗೋಡೆ ಕಟ್ಟಿದವನು. ಹಬ್ಬಕ್ಕೆ ಊರಿಗೆ ಬಂದರೆ ಓಣಿಗೆಲ್ಲ ಕೇಳುವಂತೆ ನಗುತ್ತಿದ್ದವನು.

ದಿನಕ್ಕೆ ಎರಡು ಸಲ ಹೋಗಿ ಅವರ ಜ್ವರ ನೋಡುವುದು ಮುನ್ನಿಬೀಯ ಕೆಲಸ. ಯಾರಿಗೂ ಜ್ವರವಿರಲಿಲ್ಲ. ಆದರೆ ಮೂರನೆಯ ದಿನ, ಜೊತೆಗಿದ್ದ ಹುಸೇನಪ್ಪ ಎಂಬವನು ಕಿಟಕಿಗೆ ಬಂದು ಮೆಲ್ಲಗೆ ಹೇಳಿದ. “ತಾಯಪ್ಪ ಉಣವಲ್ಲ ಚಿಗವ್ವ. ಮಾತೂ ಇಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಕುಂತಾನ. ನನಗ್ಯಾಕೋ ಅಂಜಿಕಿ ಆಗಾಕತ್ತೈತಿ.”

ಮುನ್ನಿಬೀ ಕಿಟಕಿಯ ಹೊರಗೆ ನೆಲದ ಮೇಲೆ ಕುಳಿತಳು. ಏನು ಮಾತಾಡಬೇಕೆಂದು ಯಾವ ತರಬೇತಿಯಲ್ಲೂ ಅವಳಿಗೆ ಕಲಿಸಿರಲಿಲ್ಲ. ಬಳೆ ತೊಡಿಸುವಾಗಿನ ಹಾಗೆ ಏನೇನೋ ಹೇಳುತ್ತ ಹೋದಳು. ತಾಯಪ್ಪನ ಮನೆಯ ಎಮ್ಮೆ ಈದದ್ದು, ಬೇವಿನ ಮರದಲ್ಲಿ ಜೇನು ಕಟ್ಟಿದ್ದು, ತಾಯಪ್ಪ ಐದು ವರ್ಷದವನಿದ್ದಾಗ ಅವ್ವನ ಬಳೆ ಒಡೆದು ಇವಳ ಸೆರಗಿನಲ್ಲಿ ಅಡಗಿಕೊಂಡದ್ದು. ಬಿಸಿಲು ನೆತ್ತಿಗೆ ಬಂದಾಗ ಒಳಗಿನಿಂದ ದನಿ ಕೇಳಿಸಿತು.

“ಚಿಗವ್ವ, ಊರ ಮಂದಿ ನಮ್ಮನ್ನ ನೋಡಿ ಓಡಿದ್ರು. ಓಡ್ಲಿ. ಆದ್ರ ನಮ್ಮವ್ವನೂ ಬರಲಿಲ್ಲಲ್ಲ?”

ಮುನ್ನಿಬೀ ಎದ್ದವಳು ನೇರ ಪಕೀರಮ್ಮನ ಮನೆಗೆ ಹೋದಳು. ಈ ಸಲ ದೂರ ನಿಲ್ಲಲಿಲ್ಲ. ಎರಡೂ ಕೈಯಿಂದ ಕದ ಬಡಿದಳು.

“ಪಕೀರಮ್ಮಾ, ನಿನ್ನ ಮಗಾ ಮೂರ ದಿನದಿಂದ ತುತ್ತು ಮುಟ್ಟಿಲ್ಲ. ನನ್ನ ಮಾರಿ ನೋಡಬ್ಯಾಡ, ಅವನ ಮಾರಿಯರ ನೋಡು ಬಾ.”

ಕದ ತೆರೆಯಿತು. ಪಕೀರಮ್ಮನ ಕಣ್ಣುಗಳು ಅತ್ತು ಅತ್ತು ಬಾತಿದ್ದವು. “ಹೋದ್ರ ಓಣಿ ಮಂದಿ ನಮ್ಮನ್ನ ನೀರಿಗೆ ಬಿಡಂಗಿಲ್ಲ ಅಂತಾರವ್ವ,” ಎಂದಳು.

“ನಾ ಅದೀನಿ. ನೀರು ನಾ ತಂದ ಕೊಡ್ತೀನಿ. ನಡಿ.”

ಶಾಲೆಯ ಅಂಗಳದಲ್ಲಿ ಮುನ್ನಿಬೀ ಬೂದಿಯಿಂದ ಗೆರೆ ಎಳೆದಳು. ಗೆರೆಯ ಈಚೆ ಬೇವಿನ ಮರದಡಿ ತಾಯಿ, ಆಚೆ ಪಡಸಾಲೆಯಲ್ಲಿ ಮಗ. ನಡುವೆ ಇಪ್ಪತ್ತು ಹೆಜ್ಜೆ. ಪಕೀರಮ್ಮ ಮಾಸ್ಕು ಗದ್ದಕ್ಕಿಳಿಸಿ ಊರಿಗೇ ಕೇಳುವಂತೆ ಒದರಿದಳು.

“ಉಣ್ಣಲೇ ಮೂಳಾ! ಯಾರ ಮ್ಯಾಲೆ ಸಿಟ್ಟು ತೀರಸಾಕತ್ತಿ? ಸತ್ತಿದ್ರ ಅಲ್ಲೇ ಸಾಯಬೇಕಿತ್ತು, ನನ್ನ ಕಣ್ಮುಂದ ಬಂದು ಸಾಯಾಕ ಬಂದಿಯೇನು?”

ತಾಯಪ್ಪ ಮೊದಲು ಅತ್ತ. ಆಮೇಲೆ ತಟ್ಟೆ ಎಳೆದುಕೊಂಡ. ಅವನು ಉಂಡು ಮುಗಿಸುವವರೆಗೂ ಅವಳು ಬೈಯುತ್ತಲೇ ಇದ್ದಳು.

ತಿರುಗಿ ಬರುವಾಗ ಪಕೀರಮ್ಮ, “ಆವತ್ತು ನಾ ಬಾಗಲಾ ತೆರಿಬೇಕಿತ್ತು,” ಎಂದಳು.

“ಹೌದು, ತೆರಿಬೇಕಿತ್ತು,” ಎಂದಳು ಮುನ್ನಿಬೀ. ನೋವಾಗಿಲ್ಲ ಎಂದು ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಇಬ್ಬರೂ ಜೊತೆಯಾಗಿ ಮನೆಯವರೆಗೂ ನಡೆದರು.

ಮರುದಿನ ಇನ್ನಿಬ್ಬರು ತಾಯಂದಿರು ಬಂದರು. ವಾರದೊಳಗೆ ಹದಿನಾಲ್ಕು ಮನೆಯವರೂ ಬಂದರು. ದಿನಾ ಸಂಜೆ ಐದಕ್ಕೆ ಗೆರೆಯ ಈಚೆ ಹೆಂಗಸರು, ಮುದುಕರು, ಮಕ್ಕಳು. ಅಷ್ಟು ದೂರದಿಂದ ಗುಟ್ಟು ಹೇಳುವುದಾದರೂ ಹೇಗೆ? ಒಬ್ಬನ ಹೆಂಡತಿ ಕೂಗಿದ ಪ್ರೀತಿಯ ಮಾತಿಗೆ ಇಡೀ ಅಂಗಳ ನಗುತ್ತಿತ್ತು. ಇನ್ನೊಬ್ಬನ ಮಗಳು ಮಗ್ಗಿ ಒಪ್ಪಿಸಿದರೆ ಹದಿನಾಲ್ಕು ಗಂಡಸರು ತಪ್ಪು ತಿದ್ದುತ್ತಿದ್ದರು. ಓಣಿಯವರು ಯಾರನ್ನೂ ನೀರಿಗೆ ತಡೆಯಲಿಲ್ಲ. ತಡೆಯುತ್ತೇವೆಂದವರೂ ಸಂಜೆ ಬಂದು ಬೇವಿನಡಿ ಕೂರತೊಡಗಿದ್ದರು. ಹದಿನೈದನೆಯ ದಿನ ಎಲ್ಲರೂ ಆರೋಗ್ಯವಾಗಿ ಹೊರಬಂದರು.

ತಾಯಪ್ಪ ಬೆಂಗಳೂರಿಗೆ ಹೋಗಲಿಲ್ಲ. ಲಿಂಗಸುಗೂರಿನಲ್ಲೇ ಗೌಂಡಿ ಕೆಲಸ ಹಿಡಿದ. ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ಮಹಮ್ಮದಸಾಬ ಎರಡು ವರ್ಷದ ಹಿಂದೆ ಮಧ್ಯಾಹ್ನದ ನಿದ್ದೆಯಲ್ಲೇ ತೀರಿಕೊಂಡ. ಅವನ ಹಿಂದೆ ಮುನ್ನಿಬೀ ನಡೆದ ಆ ಧೂಳಿನ ದಾರಿಗಳಲ್ಲಿ ಈಗ ಡಾಂಬರು ಬಿದ್ದಿದೆ. ನಡೆಯುವವರೇ ಕಡಿಮೆ.

ಅರವತ್ತು ತುಂಬಿದ ಮುನ್ನಿಬೀ ಹೋದ ತಿಂಗಳು ಕೆಲಸದಿಂದ ನಿವೃತ್ತಳಾದಳು. ತಾಲ್ಲೂಕು ಕೇಂದ್ರ ಮಸ್ಕಿಯಲ್ಲಿ ಶಾಲು ಹೊದಿಸಿ ಫೋಟೊ ತೆಗೆದರು. ಅವಳ ಜಾಗಕ್ಕೆ ಅತೀಯಾ ಬಂದಿದ್ದಾಳೆ. ಚುರುಕು ಹುಡುಗಿ. ಮನೆ ತೋರಿಸಲೆಂದು ಮುನ್ನಿಬೀ ಒಂದು ವಾರ ಅವಳ ಜೊತೆ ತಿರುಗಿದಳು. ಯಾವ ಮನೆಯಲ್ಲಿ ಸೊಸೆ ಮಾತಾಡಬೇಕಾದರೆ ಅತ್ತೆಯನ್ನು ನೀರು ತರಲು ಕಳಿಸಬೇಕು, ಯಾರು ಆರಾಮಿದ್ದೇನೆ ಎಂದರೆ ನಂಬಬಾರದು, ಎಲ್ಲವನ್ನೂ ಹೇಳಿಕೊಟ್ಟಳು.

ಶಾಲೆಯ ಹತ್ತಿರ ಬಂದಾಗ ಬೇವಿನಡಿ ಪಕೀರಮ್ಮ ಮೊಮ್ಮಗಳನ್ನು ಆಡಿಸುತ್ತ ಕುಳಿತಿದ್ದಳು. ಸರಿದು ಜಾಗ ಕೊಟ್ಟಳು.

“ಆ ಬ್ಯಾನಿ ಮತ್ತ ಬರಬಾರದವ್ವ,” ಎಂದಳು ಅತೀಯಾಳಿಗೆ, “ಆದ್ರ ಆ ಸಂಜಿ ಮತ್ತ ಬೇಕು ಅನಸ್ತೈತಿ. ಈಗ ಮಂದಿ ಹಂಗ ಎಲ್ಲಿ ಕೂಡ್ತಾರ?”

ಮುನ್ನಿಬೀ ಖಾಲಿ ಅಂಗಳ ನೋಡುತ್ತ ಯಾರು ಎಲ್ಲಿ ಕೂರುತ್ತಿದ್ದರೆಂದು ಒಬ್ಬೊಬ್ಬರದೇ ಹೆಸರು ಹಿಡಿದು ಹೇಳತೊಡಗಿದಳು. ಕೆಲವರು ಈಗ ಇರಲಿಲ್ಲ. ಅತೀಯಾ ಸ್ವಲ್ಪ ಹೊತ್ತು ಕೇಳಿ, “ಇನ್ನೂ ಮೂರು ಮನಿ ಉಳದಾವರೀ, ಖಾಲಾ,” ಎಂದಳು.

“ನೀ ಹೋಗಿ ಬಾರವ್ವ,” ಎಂದಳು ಮುನ್ನಿಬೀ. “ಇನ್ನ ಮ್ಯಾಲೆ ನಿನ್ನ ದನಿ ಅವರಿಗೆ ಗುರುತಾಗಬೇಕು.”