ಒಂದು ಕೊಡಪಾನ ನೀರು, ಆರಡಿ ಪಾಗಾರ

೧೯೮೧ನೇ ಇಸವಿಯ ಜೂನ್ ತಿಂಗಳ ಮೂರನೆಯ ಭಾನುವಾರ, ಬೆಳಿಗ್ಗೆ ಏಳೂಕಾಲು ಗಂಟೆಗೆ, ಮಣಿಪಾಲದ ಇಳಿಜಾರಿನಲ್ಲಿದ್ದ ನಮ್ಮ ಮನೆಯ ಅಂಗಳದ ತುದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಾನು ನಿಂತಿದ್ದೆ. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಹಲ್ಲುಜ್ಜುವ ಬ್ರಶ್ಶು. ಏಳೂಕಾಲು ಎಂದು ಹೇಗೆ ಗೊತ್ತೆಂದರೆ, ಒಳಗೆ ಗಡಿಯಾರ ಏಳು ಹೊಡೆದ ಮೇಲೆ ನಾನು ಬ್ರಶ್ಶಿಗೆ ಪೇಸ್ಟು ಹಾಕಿದ್ದೆ, ಮತ್ತು ನಾನು ಹಲ್ಲುಜ್ಜಲು ಬಹಳ ಹೊತ್ತು ತೆಗೆದುಕೊಳ್ಳುವವನು. ನನ್ನಿಂದ ಪಾಗಾರಕ್ಕೆ, ಅಂದರೆ ಪಕ್ಕದ ಜಾಗದ ಆವರಣದ ಗೋಡೆಗೆ, ಮೂವತ್ತೆರಡು ಹೆಜ್ಜೆ. ಇದನ್ನು ಆಮೇಲೆ ಎರಡು ಸಲ ಅಳೆದಿದ್ದೇನೆ.

ಆ ಪಾಗಾರ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಅದರ ನಕ್ಷೆ ಬರೆದವನೂ ನಾನೇ.

ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಹೂಕುಂಡ, ನವಿಲು, ಸೂರ್ಯೋದಯ ಇವುಗಳನ್ನು ಕಲಿಸುವುದು ನನ್ನ ಕೆಲಸ. ಆದರೆ ನನ್ನ ಹತ್ತಿರ ಇಂಜಿನಿಯರುಗಳು ನಕ್ಷೆಗೆ ಗೆರೆ ಎಳೆಯುವ ಒಂದು ಟೀ ಸ್ಕ್ವೇರ್ ಇತ್ತು. ಅದನ್ನು ಜಗಲಿಯ ಗೋಡೆಗೆ, ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ತೂಗುಹಾಕಿದ್ದೆ. ಅದನ್ನು ನೋಡಿ ಓಣಿಯವರು ನನ್ನನ್ನು ಅರ್ಧ ಇಂಜಿನಿಯರ್ ಎಂದು ತಿಳಿದಿದ್ದರು. ಉಳಿದ ಅರ್ಧವನ್ನು ನಾನೇ ಸೇರಿಸಿಕೊಂಡಿದ್ದೆ.

ಓಣಿಯಲ್ಲಿ ಎಲ್ಲಕ್ಕಿಂತ ಮೇಲಿನ ಜಾಗ ಕುವೈಟಿನಲ್ಲಿ ಹನ್ನೆರಡು ವರ್ಷ ದುಡಿದು ಬಂದ ಪೊರ್ಬುಗಳದ್ದು. ಕ್ರಿಶ್ಚಿಯನ್ ಗಂಡಸರನ್ನು, ಒಬ್ಬರೇ ಇದ್ದರೂ, ಗೌರವದಿಂದ ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮನೆಂದೂ ಕರೆಯುವುದು ನಮ್ಮಲ್ಲಿ ವಾಡಿಕೆ. ಅವರ ಜಾಗದ ಸರಿಯಾಗಿ ಕೆಳಗೆ, ಬೀಡಿ ಕಟ್ಟಿ ಬದುಕುತ್ತಿದ್ದ ಒಬ್ಬ ಹೆಂಗಸಿನ ಹಂಚಿನ ಮನೆ. ಗಂಡ ತೀರಿಹೋಗಿದ್ದರು. ಓಣಿಗೆಲ್ಲ ಅವರು ಅಕ್ಕ. ಅಕ್ಕನ ಮನೆಯ ಗೋಡೆ ಮಣ್ಣಿನದು, ಅಡುಗೆಕೋಣೆ ಪೊರ್ಬುಗಳ ಜಾಗಕ್ಕೆ ಬೆನ್ನು ಹಾಕಿಕೊಂಡಿತ್ತು. ನಮ್ಮ ಮನೆ ಇಬ್ಬರಿಗೂ ಪಕ್ಕದಲ್ಲಿ, ಇಬ್ಬರ ವಿಷಯದಲ್ಲೂ ಮೂಗು ತೂರಿಸಲು ಅನುಕೂಲವಾದ ಎತ್ತರದಲ್ಲಿತ್ತು.

ಆ ವರ್ಷದ ಜನವರಿಯಲ್ಲಿ ಪೊರ್ಬುಗಳು ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಲು ಶುರುಮಾಡಿದರು. ಎದುರಿಗೆ ಹಡಗಿನ ಮೂತಿಯ ಹಾಗೆ ದುಂಡಗಿನ ಬಾಲ್ಕನಿ, ಗೇಟಿಗೆ ಕಾರ್ಕಳದಿಂದ ತರಿಸಿದ ಕಲ್ಲಿನ ಕಂಬ. ಇಷ್ಟಕ್ಕೆ ಓಣಿ ಸುಮ್ಮನಿತ್ತು. ಎದುರಿನ ಅಂಗಳದಲ್ಲಿ ಈಜುಕೊಳ ಮಾಡುತ್ತಾರೆ, ಸುತ್ತ ಪಾಗಾರ ಎಬ್ಬಿಸುತ್ತಾರೆ ಎಂದು ತಿಳಿದಾಗ ನಮ್ಮ ಜಗಲಿಯಲ್ಲಿ ಸಭೆ ಸೇರಿತು. ಯಾರೂ ಕರೆದ ಸಭೆಯಲ್ಲ. ಭಾನುವಾರ ಸಂಜೆ ಎಲ್ಲರೂ ಸುಮ್ಮನೆ ಬಂದು ಕೂತರು. ಮಾತು ನಡೆದದ್ದು ತುಳುವಿನಲ್ಲಿ. ನೆನಪಿದ್ದಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ.

"ಪೊರ್ಬುಗಳೇ, ಕೊಳಕ್ಕೆ ನೀರು ಎಲ್ಲಿಂದ ತರುತ್ತೀರಿ?" ಎಂದು ಅಕ್ಕ ಕೇಳಿದರು. ಕೈ ಬೀಡಿ ಸುತ್ತುತ್ತಲೇ ಇತ್ತು. "ಏಪ್ರಿಲ್‌ನಲ್ಲಿ ನಿಮ್ಮ ಬಾವಿಯ ತಳದಲ್ಲಿ ಕಪ್ಪೆಗೇ ಕಾಲು ಒದ್ದೆಯಾಗುವುದಿಲ್ಲ."

"ಮಳೆಗಾಲದಲ್ಲಿ ತುಂಬುತ್ತದಲ್ವಾ ಅಕ್ಕ."

"ಮಳೆಗಾಲದಲ್ಲಿ ಈಜಲಿಕ್ಕೆ ಕೊಳ ಎಂತಕ್ಕೆ? ನನ್ನ ಅಂಗಳಕ್ಕೆ ಬನ್ನಿ."

ಎಲ್ಲರೂ ನಕ್ಕರು. ಪೊರ್ಬುಗಳೂ ನಕ್ಕರು. ಅವರ ಹೆಂಡತಿ ಬಾಯಮ್ಮ ಮಾತ್ರ ನಗಲಿಲ್ಲ. "ನಾನೂ ಅದನ್ನೇ ಹೇಳಿದ್ದು. ಇವರಿಗೆ ಅಲ್ಲಿ ಸಾಹೇಬರ ಮನೆಯಲ್ಲಿ ನೋಡಿದ್ದೆಲ್ಲ ಇಲ್ಲಿ ಬೇಕು" ಎಂದರು.

ನಾನು ಟೀ ಸ್ಕ್ವೇರನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡೆ. ಅದರಿಂದ ಅಳೆಯುವಂಥದ್ದೇನೂ ಅಲ್ಲಿರಲಿಲ್ಲ. ಈಜುಕೊಳ ನಮ್ಮ ಊರಿನ ಮನೆಗೆ ಒಪ್ಪುವುದಿಲ್ಲ, ಕಣ್ಣಿಗೆ ಹಿತವಿಲ್ಲ, ಒಂದು ಒಳ್ಳೆಯ ಪಾಗಾರವಿದ್ದರೆ ಮನೆಗೆ ತಾನಾಗಿಯೇ ಗಾಂಭೀರ್ಯ ಬರುತ್ತದೆ ಎಂದು ಮುಕ್ಕಾಲು ಗಂಟೆ ಮಾತಾಡಿದೆ. ಕೊಳಕ್ಕಾಗಿ ಆಗಲೇ ತೋಡಿದ್ದ ಹೊಂಡದಲ್ಲಿ ಒಳ್ಳೆಯ ಮುರಕಲ್ಲು ಸಿಕ್ಕಿತ್ತು. ಆ ಕೆಂಪು ಕಲ್ಲನ್ನೇ ಪಾಗಾರಕ್ಕೆ ಬಳಸಿ, ಹೊಂಡಕ್ಕೆ ಮಣ್ಣು ತುಂಬಿಸಿ ಎಂದು ಸಲಹೆ ಕೊಟ್ಟೆ. ಪೊರ್ಬುಗಳು ಒಪ್ಪಿದರು. ನಕ್ಷೆ ಬರೆದುಕೊಡುತ್ತೇನೆ ಎಂದೆ. ಅವರು ಕೇಳಿರಲಿಲ್ಲ.

ಅಕ್ಕ ಬೀಡಿಯ ಮೊರವನ್ನು ಪಕ್ಕಕ್ಕಿಟ್ಟರು. "ಈಗ ಅಲ್ಲಿ ಬೇಲಿ ಉಂಟು. ಮೇಲಿನ ನೀರು ಬೇಲಿಯಲ್ಲಿ ನುಸಿದು, ನನ್ನ ಮನೆಯ ಬದಿಯ ಕಣಿಯಲ್ಲಿ ಹರಿದು ಮಾರ್ಗಕ್ಕೆ ಹೋಗುತ್ತದೆ. ಪಾಗಾರ ಕಟ್ಟಿದರೆ ಆ ನೀರು ಎಲ್ಲಿ ಹೋಗುವುದು ಮಾಷ್ಟ್ರೇ? ನನ್ನದು ಮಣ್ಣಿನ ಗೋಡೆ."

ಪಾಗಾರದ ಬಗ್ಗೆ ಆ ಸಭೆಯಲ್ಲಿ ಯಾರಾದರೂ ಕೇಳಿದ ಒಂದೇ ಒಂದು ಪ್ರಶ್ನೆ ಅದು. ಉಳಿದದ್ದೆಲ್ಲ ಅಭಿಪ್ರಾಯ.

ಉತ್ತರವನ್ನು ನಾನು ಮೇ ತಿಂಗಳಲ್ಲಿ, ಪಾಗಾರದ ಕೆಲಸ ಶುರುವಾದ ದಿನ ಕೊಟ್ಟೆ. ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಮೇಸ್ತ್ರಿ ನನ್ನ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. "ಚಿತ್ರ ಚಂದ ಉಂಟು. ಅಡಿಯಲ್ಲಿ ನಾಲ್ಕು ಅಡಿಗೊಂದು ತೂತು ಬಿಡಬೇಕು ಮಾಷ್ಟ್ರೇ" ಎಂದರು.

ತೂತು ಬಿಟ್ಟರೆ ಗೋಡೆಯ ಮುಖಕ್ಕೆ ಸಿಡುಬಿನ ಕಲೆ ಬಿದ್ದ ಹಾಗೆ ಕಾಣುತ್ತದೆ, ಬೇಡ ಎಂದೆ. ನೀರಿಗೆ ದಾರಿ ಬೇಕಲ್ಲ ಎಂದು ಅವರು. ಈ ನೆಲಕ್ಕೆ ದಾರಿ ಬೇಡ, ತೋರಿಸುತ್ತೇನೆ, ಅಕ್ಕ ಒಂದು ಕೊಡಪಾನ ನೀರು ಕೊಡಿ ಎಂದು ನಾನು.

"ಮೇ ತಿಂಗಳಲ್ಲಿ ನೆಲಕ್ಕೆ ಕುಡಿಸಲಿಕ್ಕೆ ನೀರಾ?" ಎಂದರು ಅಕ್ಕ. ಆದರೂ ಸೇದಿ ತಂದರು. ಹಗ್ಗ ತಳ ಮುಟ್ಟಿ, ನಾಲ್ಕು ಸಲ ಎಳೆದ ಮೇಲೆ ಕೊಡಪಾನ ತುಂಬಿತು. ಪೊರ್ಬುಗಳು, ಬಾಯಮ್ಮ, ಮೇಸ್ತ್ರಿ, ಅಕ್ಕ ನಾಲ್ವರೂ ಸುತ್ತ ನಿಂತರು. ನಾನು ಪಂಚೆ ಎತ್ತಿ ಕಟ್ಟಿ, ಪಾಗಾರದ ಗುರುತಿಗೆ ಕಟ್ಟಿದ್ದ ದಾರದ ಬುಡದಲ್ಲಿ ಅಷ್ಟೂ ನೀರನ್ನು ಸುರಿದು, ಕೈಗಡಿಯಾರ ನೋಡಿದೆ. ನಲವತ್ತು ಸೆಕೆಂಡಿನಲ್ಲಿ ನೀರು ಮಾಯವಾಯಿತು. ಒದ್ದೆಯ ಗುರುತು ಕೂಡ ಬೇಗನೆ ಒಣಗಿತು.

"ನೋಡಿದಿರಾ? ಇದು ನೀರು ಕುಡಿಯುವ ನೆಲ" ಎಂದೆ.

ಅಲ್ಲಿದ್ದ ಐವರೂ ಹುಟ್ಟಿದ್ದು ಈ ಕರಾವಳಿಯಲ್ಲೇ. ನಾಲ್ಕು ತಿಂಗಳು ಕೊಡೆ ಮಡಚದ ಊರು ಇದು. ಜುಲೈಯಲ್ಲಿ ಇದೇ ಅಂಗಳದಲ್ಲಿ ಪಾಚಿಗೆ ಜಾರಿ ಬೀಳದವರು ನಮ್ಮಲ್ಲಿ ಒಬ್ಬರೂ ಇಲ್ಲ. ಆದರೂ ಮೇ ತಿಂಗಳ ಬಿಸಿಲಿನಲ್ಲಿ ನಿಂತವರಿಗೆ ಜೂನ್ ನೆನಪಾಗುವುದಿಲ್ಲ. ಪೊರ್ಬುಗಳು ನನ್ನ ಭುಜ ತಟ್ಟಿದರು. ಅಕ್ಕ ಖಾಲಿ ಕೊಡಪಾನ ಹಿಡಿದುಕೊಂಡು ತಮ್ಮ ಗೋಡೆಯನ್ನೊಮ್ಮೆ ನೋಡಿ ಹೋದರು. ಮೇಸ್ತ್ರಿ ಮಾತ್ರ, "ನೀವು ಕಲಿತವರು" ಎಂದಷ್ಟೇ ಹೇಳಿ ದಾರ ಎಳೆದರು. ಹೊಗಳಿಕೆ ಎಂದುಕೊಂಡು ನಾನು ಅದನ್ನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಸಾರಿಗೆ ಉಪ್ಪು ಹಾಕಿದಳು.

ಪಾಗಾರ ಆರಡಿ ಎದ್ದಿತು. ಒಂದೂ ತೂತಿಲ್ಲ. ಸಂಜೆ ಬಿಸಿಲಿನಲ್ಲಿ ಅದು ಕೆಂಪಗೆ ಹೊಳೆಯುವಾಗ ನಾನು ಕಾರಣವಿಲ್ಲದೆ ಆ ದಾರಿಯಲ್ಲಿ ಓಡಾಡುತ್ತಿದ್ದೆ.

ಇನ್ನು ಆ ಭಾನುವಾರ. ಅದಕ್ಕೆ ಮೊದಲು ಎರಡು ಹಗಲು, ಎರಡು ರಾತ್ರಿ ಮಳೆ ಬಿಟ್ಟಿರಲಿಲ್ಲ. ಹೊಂಡಕ್ಕೆ ತುಂಬಿಸಿದ ಮಣ್ಣು ಕುಸಿದು, ಪೊರ್ಬುಗಳ ಈಜುಕೊಳ ಯಾರ ಸಹಾಯವೂ ಇಲ್ಲದೆ ತಯಾರಾಗಿತ್ತು. ಅದು ತುಂಬಿ, ಅಂಗಳ ತುಂಬಿ, ನೀರು ಪಾಗಾರದ ಒಳಮೈಗೆ ಎದೆಮಟ್ಟ ನಿಂತಿತ್ತು ಎಂಬುದು ಕೆಳಗಿದ್ದ ನಮಗೆ ಕಾಣುತ್ತಿರಲಿಲ್ಲ. ಕಾಣದ ಹಾಗೆ ಆರಡಿ ಎತ್ತರ ಮಾಡಿಸಿದ್ದು ನಾನೇ.

ಅಕ್ಕ ಅಡುಗೆಕೋಣೆಯಿಂದ ಹೊರಬಂದು ನನ್ನ ಹತ್ತಿರ ನಡೆದರು. ತಲೆಯ ಮೇಲೆ ಗೋಣಿ ಹಾಕಿಕೊಂಡಿದ್ದರು.

"ಮಾಷ್ಟ್ರೇ, ಪಾಗಾರ ಹೊಟ್ಟೆ ಬಿಟ್ಟ ಹಾಗೆ ಕಾಣುತ್ತದೆ. ಒಮ್ಮೆ ಬಂದು ನೋಡಿ. ಒಲೆಯಲ್ಲಿ ಗಂಜಿ ಉಂಟು, ನನಗೆ ಹೋಗಬೇಕು."

ನನ್ನ ಬಾಯಿ ತುಂಬ ನೊರೆ. ಇರಿ ಎನ್ನುವ ಹಾಗೆ ಬ್ರಶ್ಶು ಹಿಡಿದ ಕೈಯ ಒಂದು ಬೆರಳೆತ್ತಿದೆ. ಅಕ್ಕ ನಿಂತರು.

ಪಾಗಾರದ ನಡುವೆ, ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಆಮೇಲೆ ಗೋಡೆ ಮುಂದಕ್ಕೆ ಬಂತು. ಬಿದ್ದಿತು ಎನ್ನುವುದು ಸರಿಯಾದ ಮಾತಲ್ಲ. ಇಪ್ಪತ್ತಡಿ ಉದ್ದಕ್ಕೆ ಒಂದೇ ತುಂಡಾಗಿ, ದಣಿದವರು ಮಲಗುವ ಹಾಗೆ ಮುಂದಕ್ಕೆ ಒರಗಿತು. ಶಬ್ದ ನನಗೆ ಕೇಳಿಸಿದ್ದು ಆ ಮೇಲೆ. ಕೆಂಪು ನೀರು ಅದರ ಮೇಲಿಂದ ಹಾದು ಅಕ್ಕನ ಅಡುಗೆಕೋಣೆಯ ಗೋಡೆಗೆ ಹೊಡೆಯಿತು. ಮಣ್ಣಿನ ಗೋಡೆ ನಿಂತಲ್ಲೇ ಕರಗಿ ಕೂತಿತು. ಹಂಚುಗಳು ಜಾರಿದವು. ಗಂಜಿಯ ಪಾತ್ರೆ ಓಣಿಯಲ್ಲಿ ತೇಲುತ್ತಾ ಮಾರ್ಗದ ಕಡೆ ಹೋಯಿತು.

ನನ್ನ ಬೆರಳು ಇನ್ನೂ ಎತ್ತಿಯೇ ಇತ್ತು.

ಅಕ್ಕನ ಜೀವ ಉಳಿಸಿದ್ದು ಮಾಸ್ತರರ ಬೆರಳು ಎಂದು ಓಣಿಯಲ್ಲಿ ಕೆಲವರು ಹೇಳಿದರು. ನಾನು ಅದನ್ನು ಅಲ್ಲಗಳೆಯಲು ಎರಡು ದಿನ ತೆಗೆದುಕೊಂಡೆ. ಬೆರಳೆತ್ತಿದ್ದು ಬಾಯಿ ತೊಳೆಯಲಿಕ್ಕೆ, ಅಷ್ಟೆ.

ಪೊರ್ಬುಗಳು ಲುಂಗಿಯಲ್ಲೇ ಓಡಿ ಬಂದು ಮೊದಲು ಅಕ್ಕನನ್ನು ಕಂಡು ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಕೋಪ ಬಂತು. "ಮೇಸ್ತ್ರಿ ಸಿಮೆಂಟು ಹಾಕಲಿಲ್ಲ. ಬರಿಯ ಹೊಯಿಗೆ. ಉಡುಪಿಯಿಂದ ಕಾಪುವಿನವರೆಗೆ ಅವನಿಗೆ ಯಾರೂ ಕೆಲಸ ಕೊಡದ ಹಾಗೆ ಮಾಡುತ್ತೇನೆ." ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿ ಮೇಸ್ತ್ರಿಯನ್ನು ಕರೆಸಿದರು. ಅವರು ಬಂದಾಗ ಹನ್ನೊಂದು ಗಂಟೆ. ಏಳೂಕಾಲಿನಿಂದ ಹನ್ನೊಂದರವರೆಗೆ ನಾನು ತೂತಿನ ಮಾತೆತ್ತಲಿಲ್ಲ. ಪಾತ್ರೆ ಹೆಕ್ಕಿದೆ, ಹಂಚು ಹೆಕ್ಕಿದೆ, ಒದ್ದೆಯಾದ ಬೀಡಿ ಎಲೆಗಳನ್ನು ನಮ್ಮ ಜಗಲಿಯಲ್ಲಿ ಹರಡಿದೆ. ಅಷ್ಟು ಕೆಲಸ ನಾನು ಅದಕ್ಕೆ ಮೊದಲು ಯಾವ ಭಾನುವಾರವೂ ಮಾಡಿದವನಲ್ಲ.

ಮೇಸ್ತ್ರಿ ಬಿದ್ದ ಗೋಡೆಯ ಪಕ್ಕ ಕೂತು ಗಾರೆಯನ್ನು ಉಗುರಿನಿಂದ ಕೆರೆದರು. "ಸಿಮೆಂಟು ಸರಿ ಉಂಟು. ಕಲ್ಲಿನಿಂದ ಕಲ್ಲು ಬಿಟ್ಟಿಲ್ಲ, ನೋಡಿ."

"ಹಾಗಾದರೆ ಎಂತಕ್ಕೆ ಬಿತ್ತು?" ಎಂದರು ಪೊರ್ಬುಗಳು.

ಮೇಸ್ತ್ರಿ ಉಗುರಿಗೆ ಅಂಟಿದ ಗಾರೆಯನ್ನು ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ತಲೆ ತಗ್ಗಿಸಿ ಮುಗಿಸುತ್ತಿದ್ದೆನೇನೋ.

ಅಕ್ಕ ಕೇಳಿದರು, "ನೀವು ಹೇಳುತ್ತೀರೋ ಮಾಷ್ಟ್ರೇ, ನಾನು ಹೇಳಬೇಕೋ?"

"ತೂತು ಬಿಡಬೇಕು ಎಂದು ಅವರು ಹೇಳಿದ್ದರು. ಬೇಡ ಎಂದವನು ನಾನು" ಎಂದೆ.

ಪೊರ್ಬುಗಳು ನನ್ನ ಕಡೆ ತಿರುಗಿದರು. "ನೀವು ಚಿತ್ರ ಕಲಿಸುವವರಲ್ವಾ ಮಾರಾಯ್ರೇ. ನಾನು ನಿಮ್ಮನ್ನು ಎಂತಕ್ಕೆ ಕೇಳಿದೆ?"

"ನೀವು ಕೇಳಲಿಲ್ಲ ಪೊರ್ಬುಗಳೇ" ಎಂದೆ. ಆ ಪಾಗಾರದ ವಿಷಯದಲ್ಲಿ ನಾನು ಹೇಳಿದ ಒಂದೇ ನಿಖರವಾದ ಮಾತು ಅದು.

ಮಳೆಗಾಲ ಇನ್ನೂ ಪೂರ್ತಿ ಮುಂದಿತ್ತು. ಅಕ್ಕನ ಒಲೆ ನಮ್ಮ ಹಿಂದಿನ ಜಗಲಿಗೆ ಬಂತು. ಮೇಸ್ತ್ರಿ ತೆಂಗಿನ ಮಡಲಿನ ಚಪ್ಪರ ಕಟ್ಟಿಸಿ, ಅದರ ಅಡಿಯಲ್ಲೇ, ಬಿದ್ದ ಪಾಗಾರದ ಕಲ್ಲಿನಿಂದ ಅಕ್ಕನಿಗೆ ಹೊಸ ಅಡುಗೆಕೋಣೆ ಕಟ್ಟಿದರು. ಕಲ್ಲೂ ಸಿಮೆಂಟೂ ಪೊರ್ಬುಗಳದ್ದು. ಕಲ್ಲು ಹೊತ್ತದ್ದು ನಾನು. ಶಾಲೆ ಬಿಟ್ಟು ಬಂದ ಮೇಲೆ ಹನ್ನೊಂದು ಸಂಜೆ. ಮುರಕಲ್ಲು ಒದ್ದೆಯಾದರೆ ಎಷ್ಟು ಭಾರ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ಮೂರನೆಯ ದಿನ ನಾನು ಸೊಂಟ ಹಿಡಿದು ನಿಂತಾಗ ಮೇಸ್ತ್ರಿ ಮೇಲಿನಿಂದ, "ಕಿಟಕಿ ಎಲ್ಲಿ ಇಡುವುದು ಮಾಷ್ಟ್ರೇ?" ಎಂದು ಕೇಳಿದರು. ತಮಾಷೆಯೋ ಅಲ್ಲವೋ ಅವರ ಮುಖದಲ್ಲಿ ತಿಳಿಯುತ್ತಿರಲಿಲ್ಲ. ಅಕ್ಕನ ಹತ್ತಿರ ಕೇಳಿ ಎಂದೆ. ಅಕ್ಕ, ಪಾಗಾರ ಕಾಣುವ ಕಡೆ ಇಡಿ ಎಂದರು.

ಪೊರ್ಬುಗಳ ಹೊಸ ಪಾಗಾರ ಸೊಂಟದೆತ್ತರ, ನಾಲ್ಕು ಅಡಿಗೊಂದು ತೂತು. ಅದರ ಬಗ್ಗೆ ಸಭೆ ಸೇರಲಿಲ್ಲ.

ಅಂದು ಬೆಳಿಗ್ಗೆ ಪಾಗಾರ ಒರಗುವುದನ್ನು ಕಂಡವರು ಮೂವರು. ನನ್ನ ಹೆಂಡತಿ ಶಬ್ದ ಕೇಳಿ ಹೊರಬಂದವಳು, ಪೊರ್ಬುಗಳು ಎದ್ದದ್ದೇ ಆ ಮೇಲೆ, ಹಾಗಾಗಿ ಅವರನ್ನು ಸೇರಿಸುವುದಿಲ್ಲ. ಕಂಡವರಲ್ಲಿ ಅಕ್ಕ ಈಗಿಲ್ಲ. ಇಪ್ಪತ್ತು ಮಳೆಗಾಲ ಆ ಕಲ್ಲಿನ ಅಡುಗೆಕೋಣೆಯಲ್ಲಿ ಗಂಜಿ ಬೇಯಿಸಿ ತೀರಿಕೊಂಡರು. ಉಳಿದವರು ನಾನು ಮತ್ತು ಬಾಯಮ್ಮ. ಅವರು ಕಾರ್ಕಳದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಮಂದವಾಗಿದೆ, ನೆನಪು ಚೆನ್ನಾಗಿದೆ. ಅಂದು ಅವರು ದುಂಡು ಬಾಲ್ಕನಿಯಲ್ಲಿ ನಿಂತಿದ್ದರು. ಅಲ್ಲಿಂದ ಅಂಗಳದ ನೀರು, ಪಾಗಾರ, ಅಕ್ಕ, ನಾನು ಎಲ್ಲವೂ ಒಟ್ಟಿಗೆ ಕಾಣುತ್ತಿತ್ತು. ನನ್ನ ಮಾತಿನಲ್ಲಿ ಸಂಶಯವಿದ್ದವರು ಅವರನ್ನು ಕೇಳಬಹುದು, ಸ್ವಲ್ಪ ಗಟ್ಟಿಯಾಗಿ.