ಹದಿನೇಳನೆಯ ತುಣುಕು

ಶೈಬಿಯ ಮೇಜಿನ ಹತ್ತಿರ ಚಹಾ ಲೋಟ ಹಿಡಿದುಕೊಂಡು ಹೋದವರು ಯಾರೂ ಮರ್ಯಾದೆಯಿಂದ ವಾಪಸು ಬಂದಿಲ್ಲ. ದೊಡ್ಡ ನಿರ್ದೇಶಕನೇ ಇರಲಿ, ಊಟ ಬಡಿಸುವವನೇ ಇರಲಿ, ಹತ್ತು ಅಡಿ ದೂರದಲ್ಲೇ ಕುಡಿದು ಮುಗಿಸಿ, ಕೈ ಒರೆಸಿಕೊಂಡು ಬರಬೇಕು. ಅವಳ ಕೆಲಸವೇ ಅಂಥದ್ದು. ಕ್ಯಾಮೆರಾದಿಂದ ತುಂಬಿ ಬಂದ ಕಾರ್ಡುಗಳನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅವುಗಳೊಳಗಿನ ಚಿತ್ರಗಳನ್ನು ಮೂರು ಬೇರೆ ಬೇರೆ ಡಿಸ್ಕುಗಳಿಗೆ ಇಳಿಸಿ, ಒಂದೊಂದನ್ನೂ ಕಾರ್ಡಿನ ಜೊತೆ ತಾಳೆ ನೋಡಿ, ಆಮೇಲಷ್ಟೇ ಕಾರ್ಡನ್ನು ಅಳಿಸಿ ವಾಪಸು ಕೊಡುವುದು. ಕೆಂಪು ಟೇಪು ಅಂದರೆ ತುಂಬಿದ್ದು, ಹಸಿರು ಟೇಪು ಅಂದರೆ ಖಾಲಿ. ಹಸಿರು ಹಚ್ಚುವ ಅಧಿಕಾರ ಇಡೀ ಯೂನಿಟ್ಟಿನಲ್ಲಿ ಅವಳೊಬ್ಬಳದು. ಹಾಗಾಗಿಯೇ ಹುಡುಗರು ಅವಳಿಗೆ ‘ಲಾಕರ್ ಶೈಬಿ’ ಅಂತ ಹೆಸರಿಟ್ಟಿದ್ದರು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆವತ್ತು ಪುತ್ತನ್‌ಕರ ಊರಿನ ಹೊಸ ಚುಂಡನ್ ವಳ್ಳ ನೀರಿಗಿಳಿಯುವ ದಿನ. ನೂರು ಜನ ಹುಟ್ಟು ಹಾಕುವ ಹಾವಿನ ದೋಣಿ, ಎರಡು ವರ್ಷ ಚಪ್ಪರದ ಕೆಳಗೆ ಬೆಳೆದದ್ದು. ತೋಮಿಚ್ಚನ್ ಅನ್ನುವ ನಿರ್ದೇಶಕ ಮೊದಲ ಮರ ಬಿದ್ದ ದಿನದಿಂದ ಅದರ ಚಿತ್ರ ತೆಗೆಯುತ್ತಿದ್ದ. ದೋಣಿ ಮೊದಲ ಸಲ ನೀರಿಗಿಳಿಯುವುದು ಒಂದೇ ಸಲ. ಇನ್ನೊಂದು ಸಲ ಇಳಿಸಿ ಅಂತ ಊರಿನವರನ್ನು ಕೇಳಿದರೆ ಹುಟ್ಟಿನ ಏಟಿನಿಂದಲೇ ಉತ್ತರ ಬರುತ್ತದೆ.

ಬೆಳಿಗ್ಗೆ ಎಂಟಕ್ಕೇ ಹೊಳೆಯ ದಂಡೆ ಗಿಜಿಗುಡುತ್ತಿತ್ತು. ಶೈಬಿ ಟಾರ್ಪಾಲಿನ ಕೆಳಗೆ ಮೇಜು ಹೂಡುತ್ತಿದ್ದಾಗ ಭಾರ್ಗವನ್ ಆಶಾರಿ ಬಂದು ನಿಂತ. ಆ ವಳ್ಳ ಕಟ್ಟಿದ ಬಡಗಿ, ಊರಿಗೆಲ್ಲ ‘ಆಶಾನ್’, ಅಂದರೆ ಗುರು. ಎಪ್ಪತ್ಮೂರು ವರ್ಷ, ಹೆಗಲ ಮೇಲೆ ತೋರ್ತು ಟವೆಲು, ಕೈಯಲ್ಲಿ ಮರದ ಕೊಡತಿ.

“ಏನು ಮೋಳೇ, ಇಷ್ಟೊಂದು ಪೆಟ್ಟಿಗೆ? ಮದುವೆ ವರದಕ್ಷಿಣೇನಾ?”

“ಇದರೊಳಗೇ, ಆಶಾನೇ, ನಿಮ್ಮ ವಳ್ಳ ಇರೋದು. ಎರಡು ವರ್ಷದ್ದೂ ಇದೆ.”

“ಹಂಗಾದ್ರೆ ಇವತ್ತಿಂದೂ ಅದರಲ್ಲೇ ಬೀಳುತ್ತಾ?” ಮುದುಕ ಬಗ್ಗಿ ಡಿಸ್ಕುಗಳನ್ನು ನೋಡಿದ. “ಹದಿಮೂರು ವಳ್ಳ ಕಟ್ಟಿದೀನಿ. ಒಂದೂ ನೀರು ಮುಟ್ಟಿದ್ದು ನನ್ನ ಕಣ್ಣಲ್ಲಿ ನೋಡಿಲ್ಲ.”

“ಅದು ಹೆಂಗೆ?”

“ಅಮರದ, ಅಂದ್ರೆ ವಳ್ಳದ ಹಿಂತುದಿಯ, ಕೆಳಗೆ ಆಸರೆಗೆ ಕೊಟ್ಟಿರೋ ಕೊನೇ ಊರುಗೋಲು ನಾನೇ ಹೊಡೆದು ಬಿಡಿಸಬೇಕಲ್ಲ! ಬೇರೆಯವರ ಕೈಗೆ ಕೊಡಲ್ಲ ನಾನು. ತಲೆ ತಗ್ಗಿಸಿ ಹೊಡೀತೀನಿ, ಜನ ಆರ್ಪೋ ಅಂತ ಕೂಗ್ತಾರೆ, ತಲೆ ಎತ್ತೋಷ್ಟರಲ್ಲಿ ಅವಳು ನಡುನೀರಲ್ಲಿ ಇರ್ತಾಳೆ. ಇದು ಹದಿನಾಲ್ಕನೇದು. ಕೈ ನಡುಗುತ್ತೆ, ಇನ್ನು ಸಾಕು ನಂಗೆ.”

“ನೀರು ಮುಟ್ಟೋದನ್ನ ನಾನು ತೋರಿಸ್ತೀನಿ ಆಶಾನೇ, ಇಲ್ಲೇ, ಈ ಮೇಜಿನ ಮೇಲೆ,” ಅಂದುಬಿಟ್ಟಳು ಶೈಬಿ. ಮಾತು ಕೊಡುವುದರಲ್ಲಿ ಅವಳು ಬಹಳ ಜಿಪುಣಿ. ಆ ದಿನ ಹೇಗೋ ಜಾರಿತು.

ಜಿಪುಣತನಕ್ಕೆ ಕಾರಣವಿತ್ತು. ಹನ್ನೊಂದು ವರ್ಷ ಅವಳು ಚಂಗನಾಶೇರಿಯ ಒಂದು ಸ್ಟುಡಿಯೋದಲ್ಲಿ ಮದುವೆ ವೀಡಿಯೋ ಜೋಡಿಸುತ್ತಿದ್ದಳು. ಒಂದು ಸಲ ಮದುವೆಯೊಂದನ್ನು ಒಂದೇ ಡಿಸ್ಕಿಗೆ ಇಳಿಸಿ, ಮಾರನೆಯ ದಿನದ ಮದುವೆಗೆಂದು ಕಾರ್ಡು ಅಳಿಸಿ ಕೊಟ್ಟಳು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಡಿಸ್ಕು ಕೆಟ್ಟಿತು. ಅದೇ ವಾರ ಮದುಮಗಳ ತಂದೆ ತೀರಿಹೋದರು. ಹುಡುಗಿ ಸ್ಟುಡಿಯೋಗೆ ಬಂದಳು. ಬೈಯಲಿಲ್ಲ, ಅಳಲೂ ಇಲ್ಲ. “ಅಪ್ಪಚ್ಚನ್ ನಗೋದು ಒಂದು ಕಡೆನಾದ್ರೂ ಉಳಿದಿದೆಯಾ ಚೇಚೀ?” ಅಂತ ಕೇಳಿದಳು, ಅಷ್ಟೆ. ಆ ಅವಮಾನ, ಆ ಸಂಕಟ ಅವಳ ಎದೆಯಿಂದ ಇವತ್ತಿಗೂ ಇಳಿದಿಲ್ಲ. ಆಮೇಲೆ ಕೊಚ್ಚಿಗೆ ಹೋಗಿ ಈ ಕೆಲಸವನ್ನು ಅ ಆ ಇ ಈಯಿಂದ ಕಲಿತಳು. ಮೂರು ಕಡೆ ಇಳಿಯದೆ ಒಂದು ಚೂರೂ ಅಳಿಯಬಾರದು ಅನ್ನುವುದು ಅವತ್ತಿನಿಂದ ಅವಳ ವ್ರತ.

ಹತ್ತು ನಲವತ್ತಕ್ಕೆ ಮುಹೂರ್ತ. ಹೆಂಗಸರ ಕುರವೆಯ ಕೂಗು ಎದ್ದಿತು, ಚೆಂಡೆ ಎದ್ದಿತು, ಇಡೀ ಊರೇ ಎದ್ದು ನಿಂತು “ಆರ್ಪೋ… ಇರ್ರೋ ಇರ್ರೋ” ಅಂತ ಕೂಗಿತು. ಟಾರ್ಪಾಲಿನ ಹಿಂದೆ ಕೂತ ಶೈಬಿಗೆ ಮೈಯೆಲ್ಲ ಜುಂ ಅಂದಿತು. ಹತ್ತೇ ನಿಮಿಷದಲ್ಲಿ ಕ್ಯಾಮೆರಾಮನ್ ಅನ್ಸಾರ್ ಸೊಂಟದವರೆಗೆ ಒದ್ದೆಯಾಗಿ ಓಡಿಬಂದ. ಅಮರದ ಪಕ್ಕದಲ್ಲೇ ನೀರಿನಲ್ಲಿ ನಿಂತು ತೆಗೆದಿದ್ದ ಅವನು. ಕೆಂಪು ಟೇಪಿನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

“ಚೇಚೀ, ಹದಿನೇಳನೇ ತುಣುಕು ನೋಡಿ ಒಂದ್ಸಲ! ನನ್ನ ಜನ್ಮದಲ್ಲಿ ಇಂಥದ್ದು ತೆಗೆದಿಲ್ಲ. ಹನ್ನೊಂದೂವರೆಗೆ ಮೊದಲನೇ ಓಟ, ಅಷ್ಟರೊಳಗೆ ಇದನ್ನ ಖಾಲಿ ಮಾಡಿಕೊಡಿ. ನನ್ನ ಹತ್ರ ಬೇರೆ ಇಲ್ಲ, ಇನ್ನೊಂದು ಕಾರ್ಡು ವಳ್ಳದ ಮೂತಿಗೆ ಕಟ್ಟಿರೋ ಕ್ಯಾಮೆರಾದಲ್ಲಿದೆ.”

“ಬೆಳಗಿನ ದೀಪ-ಹಾರದ ಪೂಜೆ ತೆಗೆದ ಕಾರ್ಡು ನನ್ನ ಹತ್ರ ಇದೆ. ಮೂರನೇ ಪ್ರತಿ ಆಗಿಲ್ಲ.”

“ಅದು ಸಣ್ಣದು ಚೇಚೀ, ಇಪ್ಪತ್ತು ನಿಮಿಷಕ್ಕೆ ತುಂಬಿಹೋಗುತ್ತೆ!”

ಶೈಬಿ ದೊಡ್ಡ ಕಾರ್ಡನ್ನು ಸಿಕ್ಕಿಸಿ ಎರಡು ಡಿಸ್ಕಿಗೆ ಒಟ್ಟಿಗೇ ಇಳಿಸತೊಡಗಿದಳು. ಹನ್ನೊಂದು ಹನ್ನೆರಡಕ್ಕೆ ಇಳಿದು ಮುಗಿದು, ತಾಳೆಯೂ ಮುಗಿಯಿತು. ಪರದೆಯ ಮೇಲೆ ಸಾಲಾಗಿ ಹಸಿರು ಗುರುತು. ಹದಿನೇಳರ ಎದುರು ಮಾತ್ರ ಕೆಂಪು. ಒಂದು ಡಿಸ್ಕಿನಲ್ಲೂ ಕೆಂಪು, ಇನ್ನೊಂದರಲ್ಲೂ ಕೆಂಪು.

ಶೈಬಿ ಬಗ್ಗಿ ಆ ಸಾಲಿನ ಮೇಲೆ ಬೆರಳಿಟ್ಟಳು.

ಅಷ್ಟರಲ್ಲಿ ತೋಮಿಚ್ಚನ್ ಬಂದ, ಹಿಂದೆಯೇ ಅನ್ಸಾರ್. ಹುಟ್ಟು ಹಿಡಿದ ಗಂಡಸರು ಆಗಲೇ ವಳ್ಳ ಹತ್ತುತ್ತಿದ್ದರು.

“ಹಸಿರು ಹಚ್ಚಿದ್ರಾ ಚೇಚೀ?” ಅಂದ ಅನ್ಸಾರ್.

“ಇಲ್ಲ. ಹದಿನೇಳು ತಾಳೆಯಾಗ್ತಿಲ್ಲ.”

ಅನ್ಸಾರ್ ಬಗ್ಗಿ ಅದನ್ನೇ ಓಡಿಸಿದ. ಚಿತ್ರ ಚೆನ್ನಾಗಿಯೇ ಮೂಡಿತು. “ಓಡ್ತಿದೆಯಲ್ಲ! ಇನ್ನೇನು ಬೇಕು ನಿಮಗೆ? ತಾಳೆ ತಾಳೆ ಅಂತ ಜಾತಕ ನೋಡ್ತಾ ಕೂತಿದ್ರೆ ಮದುವೆ ಮನೆ ಖಾಲಿಯಾಗುತ್ತೆ!”

“ಬಾಯಿ ಮುಚ್ಚಿಕೊಂಡು ಪೂರ್ತಿ ನೋಡು.”

ಮೂವರೂ ನೋಡಿದರು. ಅಮರದ ಕೆಳಗೆ ಆಶಾರಿಯ ಬಗ್ಗಿದ ಬೆನ್ನು. ಕೊಡತಿ ಮೇಲೆದ್ದಿತು, ಊರುಗೋಲು ಹಾರಿತು, ವಳ್ಳ ಜಾರಿತು, ಇನ್ನೇನು ನೀರು ಮುಟ್ಟಬೇಕು, ಅಷ್ಟರಲ್ಲಿ ಚಿತ್ರ ಛಿದ್ರವಾಗಿ ಪರದೆಯ ತುಂಬ ಹಸಿರು ನೇರಳೆ ಚೌಕಗಳು ಚೆಲ್ಲಿದವು. ಮತ್ತೆ ಸರಿಯಾದಾಗ ವಳ್ಳ ನಡುನೀರಿನಲ್ಲಿತ್ತು.

“ಆಚೆ ದಡದಲ್ಲೂ ಎರಡು ಕ್ಯಾಮೆರಾ ಇದ್ವಲ್ಲ,” ಅಂದ ತೋಮಿಚ್ಚನ್. ಅವನ ದನಿಯಲ್ಲಿ ಅವನಿಗೇ ನಂಬಿಕೆ ಇರಲಿಲ್ಲ. “ಅದರಲ್ಲೇ ಸಂಭಾಳಿಸೋಣ. ಓಟ ತಪ್ಪಿದ್ರೆ ಅದೂ ಹೋಯ್ತು. ಕಾರ್ಡು ಕೊಡಿ.”

“ಆಚೆ ದಡದಿಂದ ಹಗ್ಗ ಎಳೆಯೋರ ಬೆನ್ನು ಕಾಣುತ್ತೆ ತೋಮಿಚ್ಚಾ, ಬೇರೇನಿಲ್ಲ. ನೀರು ಮುಟ್ಟೋದು ಇರೋದು ಈ ಕಾರ್ಡಲ್ಲಿ. ಕಾರ್ಡೇ ಕೆಟ್ಟಿದೆಯೋ, ಕೇಬಲ್ ಕೆಟ್ಟಿದೆಯೋ, ನನಗೆ ಗೊತ್ತಿಲ್ಲ. ಗೊತ್ತಾಗೋ ತನಕ ಇದು ಈ ಮೇಜು ಬಿಟ್ಟು ಏಳಲ್ಲ. ನಾಳೆಯಿಂದ ಬರಬೇಡ ಅನ್ನೋದಾದ್ರೆ ಅನ್ನು, ಇವತ್ತು ಕಾರ್ಡು ಕೇಳಬೇಡ.”

ಹೊಳೆಯ ಕಡೆಯಿಂದ ಮೈಕಿನಲ್ಲಿ ಕರೆ ಬಂತು, ಇನ್ನು ಹದಿನಾರು ನಿಮಿಷ. ಶೈಬಿಯ ಕೈ ಆಗಲೇ ಓಡುತ್ತಿತ್ತು. ಬೆಳಗಿನ ಸಣ್ಣ ಕಾರ್ಡನ್ನು ಸಿಕ್ಕಿಸಿ ಮೂರನೆಯ ಡಿಸ್ಕಿಗೆ ಬಿಟ್ಟಳು. ಹನ್ನೆರಡು ನಿಮಿಷದ ಕೆಲಸ. ಅನ್ಸಾರ್ ಉಗುರು ಕಚ್ಚುತ್ತ ನಿಂತ, ತೋಮಿಚ್ಚನ್ ಗಡಿಯಾರವನ್ನೇ ದಿಟ್ಟಿಸಿದ. ಶೈಬಿ ಒಬ್ಬಳೇ ಆಕಡೆ ಈಕಡೆ ನೋಡಲಿಲ್ಲ. ಕೊನೆಯ ಗುರುತು ಹಸಿರಾಗಿದ್ದೇ ತಡ ಕಾರ್ಡನ್ನು ಅಳಿಸಿ, ಟೇಪು ಹಚ್ಚಿ, ಅನ್ಸಾರನ ಕೈಗೆ ತುರುಕಿದಳು.

“ಇದರಲ್ಲಿ ಇಪ್ಪತ್ತು ನಿಮಿಷದ ಜಾಗ ಇದೆ. ಕಂಡಿದ್ದೆಲ್ಲ ತೆಗೀಬೇಡ, ಲೆಕ್ಕ ಇಟ್ಟು ತೆಗಿ. ಓಡು!”

ಅವನು ಓಡಿದ ರಭಸಕ್ಕೆ ಚಪ್ಪಲಿಯೊಂದು ಅಲ್ಲೇ ಉಳಿಯಿತು.

ಶೈಬಿ ಚೀಲದ ತಳ ತಡಕಿ ಸ್ಟುಡಿಯೋ ಕಾಲದ ಹಳೆಯ ಕಾರ್ಡ್ ರೀಡರ್ ತೆಗೆದಳು, ಅದರದೇ ದಪ್ಪ ಕೇಬಲ್ಲಿನ ಸಮೇತ. ಆಮೆಯಂಥದ್ದು, ಆದರೆ ಯಾವತ್ತೂ ಮೋಸ ಮಾಡಿದ್ದಲ್ಲ. ದೊಡ್ಡ ಕಾರ್ಡನ್ನು ಅದಕ್ಕೆ ಹಾಕಿ ಮೊದಲಿನಿಂದ ಇಳಿಸತೊಡಗಿದಳು. ಐವತ್ತು ನಿಮಿಷ ಅಂತ ತೋರಿಸಿತು.

ಓಟ ಶುರುವಾಯಿತು. ನೂರು ಹುಟ್ಟು ಒಟ್ಟಿಗೇ ನೀರಿಗೆ ಬಿದ್ದ ಸದ್ದು, ವಂಚಿಪ್ಪಾಟ್ಟಿನ ದೋಣಿ ಹಾಡು, ದಂಡೆಯ ಉದ್ದಕ್ಕೂ ಓಡುವ ಕಾಲುಗಳು, ಶಿಳ್ಳೆ, ಕೇಕೆ. ಟಾರ್ಪಾಲು ಸರಿಸಿ ಎರಡು ಹೆಜ್ಜೆ ಇಟ್ಟಿದ್ದರೆ ಕಾಣುತ್ತಿತ್ತು. ಎರಡು ವರ್ಷ ಕಾದದ್ದು ಅವಳೂ. ಏಳಬೇಕು ಅಂತ ಕಾಲು ತುಡಿಯಿತು, ಏಳಲಿಲ್ಲ. ಕೇಬಲ್ ಒಂಚೂರು ಅಲುಗಿದರೆ ಅನ್ನುವ ಭಯಕ್ಕೆ ಎಡಗೈಯಲ್ಲಿ ಅದನ್ನು ಹಿಡಿದೇ ಕೂತಳು. ಹಾಡು ಹತ್ತಿರ ಬಂತು, ಕಿವಿ ಕಿವುಡಾಗುವಷ್ಟು ಆಯಿತು, ದೂರ ಹೋಯಿತು. ಅವಳ ತಲೆ ಬಗ್ಗಿಯೇ ಇತ್ತು.

ಹದಿನೈದು, ಹಸಿರು. ಹದಿನಾರು, ಹಸಿರು. ಹದಿನೇಳರ ಎದುರು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಇಗರ್ಜಿಯ ಎಲ್ಲ ಸಂತರನ್ನೂ ಒಬ್ಬೊಬ್ಬರಾಗಿ ಕರೆದು ಮುಗಿಯಿತು ಅವಳಿಗೆ.

ಹಸಿರು.

“ಕೇಬಲ್ಲು! ಹಾಳು ಕೇಬಲ್ಲು!” ಅಂತ ಒಬ್ಬಳೇ ಕೂಗಿದಳು ಶೈಬಿ. ಹೊಸ ಕೇಬಲ್ಲನ್ನು ಎತ್ತಿ ಬಿಸಾಡಿದ್ದು ಹೊಳೆಗೇ ಬೀಳಬೇಕಿತ್ತು, ಊಟದ ಪಾತ್ರೆಗೆ ತಾಗಿತು. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಂಡಳು. ಮೂರನೆಯ ಪ್ರತಿಯೂ ಇಳಿದು ತಾಳೆಯಾದ ಮೇಲೆ, ಮರಗೆಣಸು-ಮೀನು ಸಾರು ಉಣ್ಣುತ್ತಿದ್ದ ಆಶಾರಿಯನ್ನು ತಾನೇ ಹೋಗಿ ಕರೆತಂದಳು.

ಮುದುಕ ಹೇಳಿಸಿಕೊಳ್ಳದೆಯೇ ಕೈ ತೊಳೆದು ತೋರ್ತಿಗೆ ಒರೆಸಿಕೊಂಡು ಬಂದ. ಅವಳು ಹದಿನೇಳನ್ನು ಓಡಿಸಿದಳು. ಬಗ್ಗಿದ ಬೆನ್ನು, ಕೊಡತಿ, ಊರುಗೋಲು. ವಳ್ಳದ ಹೊಟ್ಟೆ ನಿಧಾನಕ್ಕೆ ನೀರಿಗೆ ತಾಗಿತು, ನೀರು ಎರಡೂ ಕಡೆ ಸರಿದು ಜಾಗ ಬಿಟ್ಟಿತು, ಅಮರ ಒಂದು ಗೇಣು ತಗ್ಗಿ ಮತ್ತೆ ಮೇಲೆದ್ದು ನೆಟ್ಟಗೆ ನಿಂತಿತು.

ಆಶಾರಿ ಪರದೆಯನ್ನು ಮುಟ್ಟಲು ಕೈ ಚಾಚಿ, ಹಿಂದೆ ತೆಗೆದುಕೊಂಡ.

“ವಾಲಲಿಲ್ಲ,” ಅಂದ. “ನೋಡಿದ್ಯಾ ಮೋಳೇ, ಒಂದು ಕೂದಲೆಳೆ ವಾಲಲಿಲ್ಲ. ಇನ್ನೊಂದ್ಸಲ ಹಾಕು.”

ಏಳು ಸಲ ಹಾಕಿದಳು. ಎಂಟನೆಯ ಸಲಕ್ಕೆ ಮುಂಚೆ ಮುದುಕ ಅವಳ ಕಡೆ ತಿರುಗಿದ. “ಓಟ ಹೆಂಗಿತ್ತು? ನೀನು ಎಲ್ಲಿ ನಿಂತು ನೋಡ್ದೆ?”

“ನಾನೆಲ್ಲಿ ನೋಡ್ದೆ ಆಶಾನೇ, ಇಲ್ಲೇ ಕೂತಿದ್ದೆ.”

ಅಷ್ಟರಲ್ಲಿ ಅನ್ಸಾರ್ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಬಂದು, ಮುಖವೆಲ್ಲ ನಗುತ್ತ, ಸಣ್ಣ ಕಾರ್ಡನ್ನು ಮೇಜಿನ ಮೇಲಿಟ್ಟ. ಅದಕ್ಕೆ ಕೆಂಪು ಟೇಪು ಹಚ್ಚಿತ್ತು.

ಭಾರ್ಗವನ್ ಆಶಾರಿ ಪಕ್ಕದ ಕುರ್ಚಿ ಎಳೆದುಕೊಂಡು, ಕೊಡತಿಯನ್ನು ಕಾಲ ಬಳಿ ಇಟ್ಟು ಕೂತ. “ಹಾಕು ಮೋಳೇ,” ಅಂದ, “ಇದನ್ನ ಇಬ್ಬರೂ ನೋಡೋಣ.”

“ಮೊದಲು ಮೂರು ಕಡೆ ಇಳೀಲಿ ಆಶಾನೇ,” ಅಂದಳು ಶೈಬಿ.