ಸದ್ದಿಲ್ಲದ ಫ್ಯಾನು

ಐವತ್ತು ದಾಟಿದ ಮೇಲೆ ಮದುವೆಯಾದ ಗಡಿಯಾರ ರಿಪೇರಿಯವರಿಗೆ ಮೊದಮೊದಲು ಕಾಡಿದ್ದು ಒಂದೇ ಪ್ರಶ್ನೆ: ಹೆಂಡತಿಯನ್ನು ನೀವು ಅನ್ನಬೇಕೋ, ನೀನು ಅನ್ನಬೇಕೋ. ನೀವು ಅಂದರೆ ಗಿರಾಕಿಯನ್ನು ಮಾತಾಡಿಸಿದ ಹಾಗಾಗುತ್ತಿತ್ತು. ನೀನು ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಕಡೆಗೆ 'ಟೀ ಆಯ್ತಾ', 'ಬಾಗಿಲು ಹಾಕಿದ್ದಾಯ್ತಾ' ಎಂದು ನೀವೂ ನೀನೂ ಇಲ್ಲದ ವಾಕ್ಯಗಳಲ್ಲಿ ಸಂಸಾರ ನಡೆಸುತ್ತಿದ್ದರು.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ದೊಡ್ಡ ಕೋಣೆಯ ಕಿಟಕಿ ಪಕ್ಕದಲ್ಲಿ ಅವರ ಮೇಜು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತರೆ ಉಸಿರನ್ನೂ ಪಕ್ಕಕ್ಕೆ ಬಿಡುತ್ತಿದ್ದರು. ಸಾಸಿವೆಗಿಂತ ಸಣ್ಣ ತಿರುಪುಗಳು. ಒಂದು ಹಾರಿದರೆ ನೆಲದ ಮೇಲೆ ತೆವಳಿ ಹುಡುಕಬೇಕು. ವಾಚನ್ನು ಕಿವಿಗೆ ಹಿಡಿದು ಅದರ ನಡಿಗೆ ಕೇಳುವುದು ಅವರ ಅಭ್ಯಾಸ. ಹೀಗಾಗಿ ಆ ಮನೆಗೆ ರೇಡಿಯೊ ಬರಲಿಲ್ಲ, ಫ್ಯಾನೂ ಬರಲಿಲ್ಲ. ಬೇಸಿಗೆಯಲ್ಲಿ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಳ್ಳುತ್ತಿದ್ದರು, ಅಷ್ಟೆ.

ಹೆಂಡತಿ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ಆಯಸ್ಸು ಕಳೆದವರು. ಮೊದಲ ಗಂಡ ಬೇಗ ತೀರಿಹೋಗಿದ್ದರು. ಗಿರಣಿ ಮುಚ್ಚಿದ ಮೇಲೆ, ಅದೇ ಗಿರಣಿಯ ಆಫೀಸಿನಲ್ಲಿದ್ದ ರಿಪೇರಿಯವರ ತಂಗಿ ಈ ಸಂಬಂಧ ಕೂಡಿಸಿದ್ದಳು. ಮಗ್ಗಗಳ ನಡುವೆ ಕೂಗಿ ಕೂಗಿ ಆಕೆಯ ಮಾತೇ ಜೋರು. ಉಪ್ಪು ಎಲ್ಲಿದೆ ಎಂದು ಕೇಳಿದರೂ ಜಗಳಕ್ಕೆ ಬಂದ ಹಾಗೆ ಕೇಳುತ್ತಿತ್ತು. ನಾನೇನು ತಪ್ಪು ಮಾಡಿದೆ ಎಂದು ರಿಪೇರಿಯವರು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದರು.

ಬಿಸಿಲು ಏರಿದಾಗ ಆಕೆ ಹೇಳಿದರು, "ಒಂದು ಫ್ಯಾನ್ ಹಾಕಿಸೋಣ ಕಣ್ರೀ. ಫ್ಯಾನ್ ಇಲ್ದೆ ನಂಗೆ ನಿದ್ದೆ ಹತ್ತಲ್ಲ."

ಸೆಕೆ ಇರಬೇಕು ಎಂದುಕೊಂಡ ಅವರು ಆಕೆಯನ್ನು ಕರೆದುಕೊಂಡು ಅಂಗಡಿಗೆ ಹೋದರು. ಅಲ್ಲಿ ಸೂರಿನ ತುಂಬ ಫ್ಯಾನುಗಳು, ಎಲ್ಲವೂ ಒಟ್ಟಿಗೆ ತಿರುಗುತ್ತಿದ್ದವು. ಒಂದರ ಕೆಳಗೆ ನಿಂತರೆ ಪಕ್ಕದ್ದರ ಗಾಳಿ ಬೆನ್ನಿಗೆ ಬಡಿಯುತ್ತಿತ್ತು. ಯಾವ ಗಾಳಿ ಯಾವುದರದ್ದು ಎಂದೇ ಗೊತ್ತಾಗುವಂತಿರಲಿಲ್ಲ.

"ರೂಮ್ ಎಷ್ಟು ದೊಡ್ಡದು ಸರ್? ಸೂರು ಎಷ್ಟು ಎತ್ತರ? ರಿಮೋಟ್ ಬೇಕಾ? ಕರೆಂಟ್ ಉಳಿಸೋದು ಬೇಕಾ? ಲೈಟ್ ಇರೋದೂ ಇದೆ," ಎಂದ ಅಂಗಡಿಯವನು.

ಕೋಣೆಯ ಅಳತೆ ಅವರ ಬಾಯಲ್ಲೇ ಇತ್ತು. ಉಳಿದದ್ದಕ್ಕೆ ಹೆಂಡತಿಯ ಮುಖ ನೋಡಿದರು. "ನಿಮಗೆ ಸರಿ ಕಂಡದ್ದು ತಗೊಳ್ಳಿ," ಎಂದರು ಆಕೆ. ಅದು ನಿಜಕ್ಕೂ ಒಪ್ಪಿಗೆಯೋ, ಬೇಸರವೋ ತಿಳಿಯಲಿಲ್ಲ.

"ಸದ್ದು ಮಾಡದೇ ಇರೋದು ಯಾವುದು?" ಎಂದು ಕಡೆಗೆ ರಿಪೇರಿಯವರೇ ಕೇಳಿದರು. ಅಂಗಡಿಯವನು ಬಿಳಿಯ ಫ್ಯಾನೊಂದನ್ನು ತೋರಿಸಿದ. "ಇದು ತಿರುಗ್ತಿದೆಯೋ ಇಲ್ವೋ ಅಂತ ತಲೆಯೆತ್ತಿ ನೋಡಬೇಕು, ಹಾಗಿದೆ."

ಅದೇ ಬಂತು. ರಿಪೇರಿಯವರಿಗೆ ಹಿಗ್ಗೋ ಹಿಗ್ಗು. ತಿರುಪುಗಳ ಮೇಲೆ ಗಾಜಿನ ಬಟ್ಟಲು ಕವುಚಿಟ್ಟು, ಫ್ಯಾನ್ ಹಾಕಿ, ವಾಚನ್ನು ಕಿವಿಗೆ ಹಿಡಿದರು. ಟಿಕ್ ಟಿಕ್ ಸ್ಪಷ್ಟವಾಗಿ ಕೇಳುತ್ತಿತ್ತು. "ನೋಡಿ, ಒಂದು ಚೂರೂ ಸದ್ದಿಲ್ಲ," ಎಂದು ಬಂದವರಿಗೆಲ್ಲ ತೋರಿಸಿದರು.

ಆದರೆ ಹೆಂಡತಿಯ ಕಣ್ಣ ಕೆಳಗೆ ಕಪ್ಪು ಕಟ್ಟತೊಡಗಿತು. ಬೀನ್ಸ್ ಬಿಡಿಸುತ್ತಾ ಕೂತಲ್ಲೇ ತೂಕಡಿಸುತ್ತಿದ್ದರು. ಕೇಳಿದರೆ, "ನಿದ್ದೆ ಸರಿಯಾಗಿ ಬರ್ತಿಲ್ಲ," ಎನ್ನುತ್ತಿದ್ದರು. ಗಾಳಿ ಸಾಲದೇನೋ ಎಂದು ರಿಪೇರಿಯವರು ವೇಗ ಹೆಚ್ಚಿಸಿದರು. ಜಾಸ್ತಿಯಾಯಿತೇನೋ ಎಂದು ಇಳಿಸಿದರು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಉದ್ದದ ರಾಡ್ ಹಾಕಿಸಿದರು. ತಲೆಗೆ ತಾಗುತ್ತದೇನೋ ಎಂದು ಹೆದರಿ ಮತ್ತೆ ಗಿಡ್ಡದ್ದು ಹಾಕಿಸಿದರು. ಮಂಚವನ್ನು ಗೋಡೆಯಿಂದ ಗೋಡೆಗೆ ಎಳೆದರು. ಏನು ಮಾಡಿದರೂ ಅಷ್ಟೆ. ಮೆಲ್ಲಗೆ ಬೇರೆ ಅನುಮಾನ ಹುಟ್ಟಿತು: ಈಕೆಗೆ ಸರಿಹೋಗದೆ ಇರುವುದು ಫ್ಯಾನೋ, ನಾನೋ?

ತಂಗಿಗೆ ಫೋನ್ ಮಾಡಿದರು. "ನನ್ನನ್ನ ಕೇಳಿದ್ರೆ ನಾನೇನು ಹೇಳ್ಲಿ ಅಣ್ಣ? ಭಾನುವಾರ ಇಬ್ಬರೂ ನಮ್ಮನೆಗೆ ಬನ್ನಿ," ಎಂದಳು ತಂಗಿ.

ಭಾನುವಾರ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಕಿಟಕಿಯ ಗಾಜುಗಳು ಲಟಲಟ ಅನ್ನುತ್ತಿದ್ದವು, ಕಾಲಡಿಯಲ್ಲಿ ಎಂಜಿನ್ನು ಗುಡುಗುತ್ತಿತ್ತು. ರಿಪೇರಿಯವರು ಎರಡೂ ಕಿವಿ ಮುಚ್ಚಿಕೊಂಡು ಪಕ್ಕಕ್ಕೆ ನೋಡಿದರೆ, ಹೆಂಡತಿ ಬಾಯಿ ತೆರೆದು ಮಗುವಿನ ಹಾಗೆ ಮಲಗಿಬಿಟ್ಟಿದ್ದರು. ಇಳಿಯುವ ಸ್ಟಾಪು ಬಂತು. ಎಬ್ಬಿಸಲು ಮನಸ್ಸಾಗದೆ ಸುಮ್ಮನೆ ಕೂತರು. ಬಸ್ಸು ಕೊನೆಯ ಸ್ಟಾಪು ಮುಟ್ಟಿ ಎಂಜಿನ್ನು ನಿಂತಿತು. ಆ ಕ್ಷಣವೇ ಆಕೆ ಬೆಚ್ಚಿಬಿದ್ದು ಎದ್ದರು.

"ಏನಾಯ್ತು? ಯಾರಿಗಾದ್ರೂ ಪೆಟ್ಟಾಯ್ತಾ?"

"ಏನೂ ಆಗಿಲ್ಲ. ಬಸ್ಸು ನಿಂತಿದೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು, "ಗಿರಣೀಲಿ ಮಗ್ಗ ನಿಂತ್ರೆ ಏನೋ ಆಯ್ತು ಅಂತಲೇ ಅರ್ಥ. ನೂಲು ಹರೀತು, ಇಲ್ಲ ಯಾರದ್ದೋ ಕೈ ಸಿಕ್ತು. ನಮ್ಮನೇಲಿ ಮಲಗಿದ್ರೆ ಎಲ್ಲಾ ನಿಂತುಹೋದ ಹಾಗಿರತ್ತೆ. ಕಣ್ಣು ಮುಚ್ಚೋಕೆ ಧೈರ್ಯ ಬರಲ್ಲ. ಫ್ಯಾನ್ ಬಂದ್ರೆ ಒಂಚೂರು ಸದ್ದಾದ್ರೂ ಇರತ್ತೆ ಅಂದ್ಕೊಂಡಿದ್ದೆ."

"ಮತ್ತೆ ಮೊದಲೇ ಹೇಳಬಾರದಿತ್ತಾ ನೀನು?"

"ಸದ್ದಿಲ್ಲ ಸದ್ದಿಲ್ಲ ಅಂತ ಅಷ್ಟು ಖುಷಿಯಾಗಿ ತೋರಿಸ್ತಿದ್ರಿ. ಹೇಗೆ ಹೇಳ್ಲಿ?"

ನೀನು ಎಂದುಬಿಟ್ಟದ್ದು ರಿಪೇರಿಯವರಿಗೆ ಆಮೇಲೆ ಹೊಳೆಯಿತು. ಆಕೆ ಅದನ್ನು ಗಮನಿಸಿದರೋ ಇಲ್ಲವೋ ಗೊತ್ತಾಗಲಿಲ್ಲ.

ಮರುದಿನ ಫ್ಯಾನನ್ನು ಬಿಚ್ಚಿಸಿ, ಪೆಟ್ಟಿಗೆಯಲ್ಲಿಟ್ಟು, ಹೆಂಡತಿಯೊಂದಿಗೆ ಅಂಗಡಿಗೆ ಒಯ್ದರು.

"ಏನು ಸರ್ ತೊಂದರೆ? ಸದ್ದು ಬರ್ತಿದೆಯಾ?"

"ಬರ್ತಿಲ್ಲ. ಅದೇ ತೊಂದರೆ."

ಅಂಗಡಿಯವನು ಒಮ್ಮೆ ಇವರನ್ನು, ಒಮ್ಮೆ ಪೆಟ್ಟಿಗೆಯನ್ನು ನೋಡಿದ. ಇದು ಗೇಲಿಯೋ ನಿಜವೋ ಅವನಿಗೆ ಅರ್ಥವಾಗಲಿಲ್ಲ. ಹೆಂಡತಿಯೇ ಮುಂದೆ ಬಂದು ತಮ್ಮ ಜೋರು ದನಿಯಲ್ಲಿ, "ಎಲ್ಲಾ ಆಫ್ ಮಾಡಿ, ಒಂದೊಂದಾಗಿ ಹಾಕಿ," ಎಂದಾಗ ಮರುಮಾತಿಲ್ಲದೆ ಸ್ವಿಚ್ಚುಗಳ ಹತ್ತಿರ ಹೋದ. ಬೆವರು ಒರೆಸಿಕೊಳ್ಳುತ್ತಿದ್ದ ಬೇರೆ ಗಿರಾಕಿಗಳು ಗೊಣಗಿದರು. ಆಕೆ ಕಣ್ಣು ಮುಚ್ಚಿ ಒಂದೊಂದರ ಕೆಳಗೂ ನಿಂತರು. ದಪ್ಪ ರೆಕ್ಕೆಯ, ಕಂದುಬಣ್ಣದ, ಯಾರೂ ಕೇಳದ ಒಂದು ಫ್ಯಾನು ಗುಂಯ್ ಎಂದು ಶುರುವಾಗಿ ಸುತ್ತಿಗೊಮ್ಮೆ ಟಕ್ ಅಂದಿತು.

"ಇದು," ಎಂದರು ಕಣ್ಣು ತೆರೆಯದೆಯೇ.

ಆ ಫ್ಯಾನು ದೊಡ್ಡ ಕೋಣೆಗೆ ಏರಿತು. ರಿಪೇರಿಯವರ ಮೇಜು ಅಡುಗೆಮನೆಯ ಹಿಂಬಾಗಿಲಿಗೆ ಹೋಯಿತು. ಅಲ್ಲಿ ಬೆಳಕು ಚೆನ್ನಾಗಿದೆ, ಆದರೆ ಒಗ್ಗರಣೆಯ ಎಣ್ಣೆ ಹಾರುತ್ತದೆ. ವಾಚನ್ನು ಕಿವಿಗೆ ಹಿಡಿದರೆ ಟಿಕ್ ಎಂದದ್ದು ವಾಚೋ, ಫ್ಯಾನೋ ಎಂದು ಗೊಂದಲವಾಗಿ ಎರಡೆರಡು ಸಲ ಕೇಳುತ್ತಾರೆ. ಹೆಂಡತಿ ಮಾತ್ರ ಮಧ್ಯಾಹ್ನವೂ ಗೊರಕೆ ಹೊಡೆಯುತ್ತಾರೆ.

"ಹೊಸ ಫ್ಯಾನ್ ಹೇಗಿದೆ ಅಣ್ಣ, ಮನೆಗೆ ಸರಿಹೋಯ್ತಾ?" ಎಂದು ತಂಗಿ ಫೋನಿನಲ್ಲಿ ಕೇಳಿದಾಗ ರಿಪೇರಿಯವರು ಫೋನನ್ನು ಕಿವಿಗೆ ಒತ್ತಿಕೊಂಡು ಗುಂಯ್ ಎನ್ನುತ್ತಿದ್ದ ಫ್ಯಾನಿನತ್ತ ನೋಡಿದರು.

"ಗೊತ್ತಿಲ್ಲಮ್ಮ," ಎಂದರು. "ನೀನು ಸ್ವಲ್ಪ ಜೋರಾಗಿ ಮಾತಾಡು."